ಹಸಿರು ಸೀರೆಯ ಬಾವುಟ ಹೋದ ಊರು

ಅಕ್ಕಾ,

ಸಿಯಾಟಲ್ ಪಕ್ಕದ ರೆಂಟನ್‌ನ ಅದೇ ಮನೆಯ ಅದೇ ಅಡುಗೆಮನೆ ಮೇಜಿನ ಮೇಲೆ ಕಾಗದ ಹರಡಿಕೊಂಡು ನಿನ್ನ ತಮ್ಮ ಸದು ಬರೆಯುತ್ತಿದ್ದೇನೆ. ಇತ್ತ ಎಲ್ಲರೂ ಚೆನ್ನಾಗಿದ್ದೇವೆ ಎಂದು ಶುರುಮಾಡಿದರೆ ನೀನು ಕನ್ನಡಕ ತೆಗೆದಿಟ್ಟುಬಿಡುತ್ತೀಯ. "ಚೆನ್ನಾಗಿದ್ರೆ ಕಾಗದ ಯಾಕೆ ಬರೀತಿ ಮಾರಾಯ? ವಿಷಯ ಹೇಳು" ಎನ್ನುವವಳು ನೀನು. ಆದ್ದರಿಂದ ವಿಷಯವನ್ನೇ ಮೊದಲು ಹೇಳುತ್ತೇನೆ. ನಿನ್ನ ಮಗ ಪ್ರಕಾಶ ನಿನ್ನ ಬಾವುಟ ಕೇಳಿಕೊಂಡು ಬಂದಿದ್ದ. ನಾನು ಕೊಡಲಿಲ್ಲ.

ಹೋದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವನು ಇಲ್ಲೇ ಪಕ್ಕದ ನ್ಯೂಕ್ಯಾಸಲ್‌ನಿಂದ ಒಬ್ಬನೇ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ ಮಾವಿನಹಣ್ಣು. ನಿನ್ನ ಮಗ ಹಣ್ಣು ತಂದನೆಂದರೆ ಏನೋ ಕೇಳಲಿಕ್ಕಿದೆ ಎಂದು ಅರ್ಥ, ಅದು ನಿನಗೆ ನಾನು ಹೇಳಬೇಕೇ? ಕುಳಿತವನೇ, "ಮಾವ, ಗುಡ್ ನ್ಯೂಸ್. ನಮಗೆ ಟೀಮ್ ಸಿಗೋ ಚಾನ್ಸ್ ಇದೆ" ಎಂದ. ನನಗೂ ಆಸೆಯಾಯಿತು ಅಕ್ಕ, ಸುಳ್ಳು ಹೇಳುವುದಿಲ್ಲ. ನಮ್ಮ ತಂಡ ಊರು ಬಿಟ್ಟು ಹೋದಂದಿನಿಂದ ಕಾದ ಮಾತು ಅದು. "ಯಾವ ಟೀಮು?" ಎಂದೆ. ದಕ್ಷಿಣದ ಕಡೆಯ ಒಂದು ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಮಾರಾಟಕ್ಕೆ ಬಂದಿದೆಯಂತೆ. ಇಲ್ಲಿನ ಕೆಲವು ಶ್ರೀಮಂತರು ಅದನ್ನು ಕೊಂಡು ಸಿಯಾಟಲ್‌ಗೆ ತರಬೇಕೆಂದು ಹೊರಟಿದ್ದಾರೆ. ಅವರ ಬೆನ್ನಿಗೆ ನಿಂತ ಅಭಿಮಾನಿಗಳ ಗುಂಪಿನಲ್ಲಿ ನಿನ್ನ ಮಗನೂ ಒಬ್ಬ.

"ಮುಂದಿನ ಶನಿವಾರ ರ್‍ಯಾಲಿ ಇದೆ. ಸ್ಟೇಜ್ ಹಿಂದೆ ಅಮ್ಮನ ಬ್ಯಾನರ್ ಹಾಕ್ಬೇಕು ಅಂತ ಎಲ್ರೂ ಹೇಳ್ತಿದಾರೆ ಮಾವ. ಹಳೇ ಫೋಟೋಗಳಲ್ಲಿ ನೋಡಿದಾರೆ. ಆ ಹಸಿರು ಸೀರೆ ಅಂದ್ರೆ ಎಲ್ರಿಗೂ ಗೊತ್ತು."

"ಲೀಗಿನವರೇ ಹೊಸದಾಗಿ ತಂಡ ಹುಟ್ಟಿಸಿ ಕೊಡುವ ಮಾತೂ ಉಂಟಲ್ಲ? ಪೇಪರಿನಲ್ಲಿ ಓದಿದೆ" ಎಂದೆ.

"ಅದು ಇವತ್ತು ನಾಳೆ ಅಂತ ಹೇಳ್ತಾನೇ ಇರ್ತಾರೆ. ಎಷ್ಟು ವರ್ಷ ಕಾಯೋದು? ಇದು ರೆಡಿ ಇದೆ. ಟ್ರಕ್ಕಿಗೆ ಹಾಕಿ ತರೋದೊಂದೇ ಬಾಕಿ."

ಟ್ರಕ್ಕಿಗೆ ಹಾಕಿ ತರುವುದು. ಆ ಮಾತು ಕೇಳಿ ಕೈಯಲ್ಲಿದ್ದ ಮಾವಿನ ಹೋಳನ್ನು ತಟ್ಟೆಗೇ ಹಾಕಿದೆ.

ನಾವು ಮೊದಲ ಸಲ ಆಟ ನೋಡಲು ಹೋದ ದಿನ ನಿನಗೆ ನೆನಪಿದೆಯೇ? ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ನೀನು ಟಕ್ವಿಲಾದ ಮಾಲ್‌ನಲ್ಲಿ ಪ್ಯಾಂಟಿನ ಕಾಲು ಗಿಡ್ಡ ಮಾಡುವ ಹೊಲಿಗೆ ಅಂಗಡಿಗೆ ಸೇರಿದ್ದೆ. ನಾನು ಅಲ್ಲೇ ಎರಡು ರಸ್ತೆಯಾಚೆ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ. ಅಂಗಡಿಯ ಯಜಮಾನಿ ಇಡೀ ದಿನ ರೇಡಿಯೊದಲ್ಲಿ ಆಟದ ಸುದ್ದಿ ಹಾಕಿಡುತ್ತಿದ್ದಳು. ನಿನಗೆ ಇಂಗ್ಲಿಷ್ ಬಂದದ್ದು ಆ ರೇಡಿಯೊದಿಂದ. ಆಟಗಾರರ ಹೆಸರು ಮೊದಲು ಬಂತು, ಆಮೇಲೆ ಬೈಗುಳ, ಆಮೇಲೆ ಉಳಿದ ಭಾಷೆ. ಏಳನೇ ತರಗತಿ ಓದಿದ ನಾನು ನಿನ್ನಿಂದ ಕೇಳಿ ಕೇಳಿ ಕಲಿತೆ. ಹೊಲಿಗೆ ಯಂತ್ರದ ಸದ್ದಿನ ನಡುವೆ ನೀನು ಒಂಟಿಯಾಗಿ ಅಳುವುದನ್ನು ನಿಲ್ಲಿಸಿದ್ದೂ ಆಗಲೇ. ಇದನ್ನು ನೀನು ಯಾರಿಗೂ ಹೇಳಲಿಲ್ಲ. ನಾನು ನೋಡಿದ್ದೆ.

ಆ ದಿನ ನೀನು ಕೋಟಿನ ಒಳಗೆ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದೆ. ಹಳದಿ ಜರಿಯ ಅಂಚು. ಪ್ರಕಾಶ ಹೊಟ್ಟೆಯಲ್ಲಿದ್ದಾಗ ಅಮ್ಮ ಸೀಮಂತಕ್ಕೆ ಉಡಿಸಿದ ಸೀರೆ ಅದು. ನಮ್ಮ ತಂಡದ ಬಣ್ಣ ಹಸಿರು, ಹಳದಿ ಎಂದು ಯಜಮಾನಿ ಹೇಳಿದ್ದಳಲ್ಲ, ಪೆಟ್ಟಿಗೆಯಿಂದ ಹುಡುಕಿ ತೆಗೆದಿದ್ದೆ. ಮೇಲಿನ ಸಾಲಿನಲ್ಲಿ ಕುಳಿತೆವು. ಕೆಳಗೆ ನೋಡಿದರೆ ಒಂದು ತಂಡ ಬಿಳಿ ಅಂಗಿ, ಇನ್ನೊಂದು ಹಸಿರು ಅಂಗಿ. ಇನ್ನು ಕೇಳಬೇಕೇ? ಹಸಿರಿನವರು ಚೆಂಡು ಹಿಡಿದಾಗಲೆಲ್ಲ ನೀನು ಎದ್ದು ನಿಂತು "ಹಾಕು! ಹಾಕು! ನೋಡ್ತಾ ನಿಲ್ಬೇಡ!" ಎಂದು ಕೂಗಿದೆ. ನಾನೂ ಕೂಗಿದೆ. ಸುತ್ತಲಿನವರು ತಿರುಗಿ ತಿರುಗಿ ನೋಡಿದರು. ನಿನ್ನ ಸೀರೆ ಚಂದ ಕಂಡಿರಬೇಕೆಂದು ನಾನು ತಿಳಿದೆ. ಹನ್ನೆರಡು ವರ್ಷದ ಪ್ರಕಾಶ ಕೊನೆಗೆ ತಾಳಲಾರದೆ ನಿನ್ನ ಸೆರಗು ಜಗ್ಗಿದ. "ಅಮ್ಮಾ, ಸ್ಟಾಪ್! ನಮ್ಮೋರು ವೈಟ್! ನಮ್ಮೂರಲ್ಲಿ ಆಡುವಾಗ ವೈಟ್ ಹಾಕ್ತಾರೆ!" ಅಂದರೆ ಆಟದ ಕಾಲುಭಾಗ ನಾವು ಎದುರು ಪಕ್ಷಕ್ಕೆ ಕೂಗಿದ್ದೆವು.

ನಾನು ಕುರ್ಚಿಯ ಕೆಳಗೆ ಅಡಗಿಕೊಳ್ಳುವಷ್ಟು ನಾಚಿದೆ. ನೀನು? ಸೆರಗು ಸರಿಮಾಡಿಕೊಂಡು, "ಅವರೂ ಅಷ್ಟು ದೂರದಿಂದ ಬಂದಿದಾರೆ, ಅವರಿಗೆ ಕೂಗುವವರು ಯಾರಿದಾರೆ ಇಲ್ಲಿ? ಪುಣ್ಯ ಬಂತು" ಎಂದು ಹೇಳಿ ಬಿಳಿ ಅಂಗಿಯವರ ಕಡೆ ತಿರುಗಿ ಕೂಗತೊಡಗಿದೆ. ಅಂದಿನಿಂದ ನಾನು ನಿನ್ನನ್ನು ಚುಡಾಯಿಸಬೇಕಾದರೆ 'ಎದುರು ಪಕ್ಷದವಳು' ಎನ್ನುತ್ತಿದ್ದೆ.

ತಂಡವನ್ನು ಮಾರಿದರೆಂಬ ಸುದ್ದಿ ಬಂದ ದಿನ ನೀನು ಯಂತ್ರ ನಿಲ್ಲಿಸಿ ರೇಡಿಯೊ ಹತ್ತಿರ ಹೋಗಿ ನಿಂತೆಯಂತೆ. ಕೊಂಡವರು ಬೇರೆ ಊರಿನವರು. ಹೊಸ ಕ್ರೀಡಾಂಗಣ ಬೇಕೆಂದರು. ಊರಿನವರು, ನಮ್ಮ ತೆರಿಗೆಯಲ್ಲಿ ಯಾಕೆ ಎಂದರು. ಒಪ್ಪಂದದ ವರ್ಷ ಮುಗಿಯುವ ತನಕ ಬಿಡುವುದಿಲ್ಲ ಎಂದು ನಗರದವರು ಕೋರ್ಟಿಗೆ ಹೋದರು. ಅಷ್ಟೆಲ್ಲ ಕಾನೂನು ನನಗೂ ನಿನಗೂ ತಿಳಿಯುತ್ತಿರಲಿಲ್ಲ. ನಿನಗೆ ತಿಳಿದದ್ದು ಒಂದೇ. "ಚೆಂಡು ಅವರದ್ದು ಇರ್ಬಹುದು ಸದು. ಕೂಗಿದ್ದು ಯಾರದ್ದು?" ಎಂದೆ. ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು?

ಕೋರ್ಟಿನ ವಿಚಾರಣೆಯ ಹಿಂದಿನ ಶನಿವಾರ ನೀನು ಸೀಮಂತದ ಸೀರೆಯನ್ನು ನೆಲದ ಮೇಲೆ ಹಾಸಿದ್ದನ್ನು ನೋಡಿ ನಾನು ಕಿರುಚಿದ್ದೆ. "ಅಕ್ಕಾ, ಅದಕ್ಕೆ ಕತ್ತರಿ ಹಾಕ್ಬೇಡ! ಅಮ್ಮ ಕೊಟ್ಟದ್ದು, ಮಂಗಳದ ಸೀರೆ!" ನೀನು ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದೆ, "ಹೊಟ್ಟೆಯಲ್ಲಿದ್ದವ ಹೊರಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಇನ್ನು ಈ ಸೀರೆ ಯಾರನ್ನು ಕಾಯ್ಬೇಕು?" ಮೊದಲು ಸೆರಗನ್ನು ಕತ್ತರಿಸಿ ಮಡಿಸಿ ಬೇರೆ ಇಟ್ಟೆ. ಉಳಿದದ್ದನ್ನು ಎರಡು ತುಂಡು ಮಾಡಿದೆ. ಹಳದಿ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ, ಒಂದಕ್ಕೆ ಇಂಗ್ಲಿಷ್, ಒಂದಕ್ಕೆ ಕನ್ನಡ ಹೊಲಿದೆ. ಎರಡರಲ್ಲೂ ಒಂದೇ ಮಾತು: 'ಈ ತಂಡ ಈ ಊರಿನದು.'

ಕೋರ್ಟಿನ ಮುಂದೆ ಟೀವಿಯ ಹುಡುಗಿ ಮೈಕು ಹಿಡಿದು ಆ ಇನ್ನೊಂದು ಭಾಷೆ ಯಾವುದು, ಯಾಕೆ ಎಂದು ಕೇಳಿದಾಗ ನೀನು ಕೊಟ್ಟ ಉತ್ತರವನ್ನು ನಾನು ಈಗಲೂ ಹೇಳಿಕೊಂಡು ನಗುತ್ತೇನೆ. "ಇಂಗ್ಲಿಷಿನಲ್ಲಿ ಹೇಳಿದ್ದು ಅವರಿಗೆ ಅರ್ಥ ಆಗ್ಲಿಲ್ಲ. ಬೇರೆ ಭಾಷೆಯಲ್ಲಿ ಹೇಳಿ ನೋಡುವ ಅಂತ." ಆದರೆ ಅದೂ ಅರ್ಥವಾಗಲಿಲ್ಲ. ರಾಜಿಯಾಯಿತು, ತಂಡ ಹೋಯಿತು. ಹೆಸರು, ಬಣ್ಣ ಇಲ್ಲೇ ಇರಲಿ ಎಂದರಂತೆ. "ಮಗುವನ್ನು ಕೊಂಡುಹೋಗಿ ಅಂಗಿ ಬಿಟ್ಟು ಹೋದ್ರು" ಎಂದೆ ನೀನು. ಎರಡೂ ತುಂಡುಗಳನ್ನು ಕ್ರೀಡಾಂಗಣದ ಬೇಲಿಗೆ ಕಟ್ಟಿ ಬಂದಿದ್ದೆವು. ಮರುದಿನ ಹೋಗಿ ನೋಡಿದರೆ ಇಂಗ್ಲಿಷಿನದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಕನ್ನಡದ್ದು ಮಾತ್ರ ಹಾಗೇ ಇತ್ತು. ಅದನ್ನು ನೀನು ಮನೆಗೆ ತಂದು ಇಸ್ತ್ರಿ ಮಾಡಿ ಟ್ರಂಕಿನಲ್ಲಿ ಇಟ್ಟೆ.

ಈಗ ನಾನು ಬರೆಯಲು ಹಿಂಜರಿಯುವ ಭಾಗಕ್ಕೆ ಬಂದೆ. ಕೆಲವು ವರ್ಷ ಕಳೆದ ಮೇಲೆ ಹೀಗೆಯೇ ಇನ್ನೊಂದು ಊರಿನ ತಂಡವನ್ನು ಕೊಂಡು ಇಲ್ಲಿಗೆ ತರುವ ಮಾತು ಬಂದಿತ್ತಲ್ಲ? ನಾನು ಕುಣಿದಾಡಿದೆ. ಟಕ್ವಿಲಾದ ಸಭಾಂಗಣದಲ್ಲಿ ಅಭಿಮಾನಿಗಳ ಸಭೆ ಕರೆದಾಗ ನಿನ್ನನ್ನು ಬಲವಂತದಿಂದ ಕರೆದುಕೊಂಡು ಹೋದವನು ನಾನೇ. ಬಾವುಟದ ಅಮ್ಮ ಬಂದಳೆಂದು ಚಪ್ಪಾಳೆ ತಟ್ಟಿ ನಿನ್ನ ಕೈಗೆ ಮೈಕು ಕೊಟ್ಟರು. ನೀನು ಎದ್ದು ನಿಂತು ನಿನ್ನ ರೇಡಿಯೊ ಇಂಗ್ಲಿಷಿನಲ್ಲಿ, ಆ ತಂಡ ಆ ಊರಿನದು, ನನಗೆ ಬೇಡ ಎಂದುಬಿಟ್ಟೆ. ಹಿಂದಿನಿಂದ ಯಾರೋ "ಕೂತ್ಕೊಳ್ಳಿ" ಎಂದು ಕೂಗಿದರು. ಇನ್ನಾರೋ ಸಿಳ್ಳೆ ಹಾಕಿದರು. ನೀನು ಕೂರಲಿಲ್ಲ. ನಾನು ಏನು ಮಾಡಿದೆ? ನಿನ್ನ ಪಕ್ಕದಲ್ಲಿ ಕುಳಿತು ನನ್ನ ಬೂಟು ನೋಡಿಕೊಂಡೆ.

ಕಾರಿನಲ್ಲಿ ನಿನಗೆ ಹೇಳಿದ್ದೂ ನೆನಪಿದೆ. "ಮತ್ತೆ ಎದುರು ಪಕ್ಷಕ್ಕೆ ಕೂಗಿದೆಯಲ್ಲ? ನಿನಗೆ ಬುದ್ಧಿ ಬರುವುದು ಯಾವಾಗ?" ಈ ಸಲ ಅದು ತಮಾಷೆಯಾಗಿರಲಿಲ್ಲ. ನೀನು ಕಿಟಕಿಯ ಹೊರಗೆ ನೋಡುತ್ತ, "ಆ ಊರಿನಲ್ಲಿ ಕೂಡ ಒಂದು ಹೊಲಿಗೆ ಅಂಗಡಿ ಇರ್ತದೆ ಸದು. ಅಲ್ಲಿ ಕೂಡ ಒಂದು ರೇಡಿಯೊ ಇರ್ತದೆ" ಎಂದೆ. ನಾನು ತಿಂಗಳುಗಟ್ಟಲೆ ಮಾತು ಬಿಟ್ಟೆ. ಒಂದೇ ಮನೆ, ಒಂದೇ ಒಲೆ, ಎರಡು ಬೇರೆ ಬೇರೆ ಕಾಫಿ! ಕೊನೆಗೆ ಆ ವ್ಯಾಪಾರ ಮುರಿದುಬಿದ್ದು ತಂಡ ಅದರ ಊರಿನಲ್ಲೇ ಉಳಿದ ದಿನ ನೀನು ಕಡಲೆಬೇಳೆ ಪಾಯಸ ಮಾಡಿ ನನ್ನ ಮುಂದೆ ಒಂದು ಬಟ್ಟಲು ತಂದಿಟ್ಟೆ. ಬೇಡ ಎಂದೆ. "ಬೇಡದಿದ್ರೆ ಬಿಡು" ಎಂದು ಎರಡೂ ಬಟ್ಟಲನ್ನು ನೀನೇ ಮುಗಿಸಿದೆ.

ಆಮೇಲೆ ಮಾತು ಶುರುವಾಯಿತು, ಹಬ್ಬ ಬಂತು, ಹೋಯಿತು. ಆದರೆ ನೀನು ಹೇಳಿದ್ದು ಸರಿ ಎಂದು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿಗೆ ತಿಳಿದಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ಹೇಳಬೇಕೆಂದು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತೆ. ನಿನಗೆ ಜೊಂಪು ಹತ್ತಿತ್ತು. ನಾಳೆ ಬೆಳಿಗ್ಗೆ ಹೇಳಿದರಾಯಿತು, ಎಬ್ಬಿಸುವುದು ಯಾಕೆ ಎಂದು...

ಇರಲಿ. ಪ್ರಕಾಶನ ವಿಷಯಕ್ಕೆ ಬರುತ್ತೇನೆ. ಬಾವುಟ ಕೊಡುವುದಿಲ್ಲ ಎಂದಾಗ ಅವನು ಮೊದಲು ನಕ್ಕ, ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದು.

"ಮಾವ, ಸೀರಿಯಸ್ ಆಗಿ?"

"ಸೀರಿಯಸ್ ಆಗಿಯೇ. ಅದರ ಮೇಲೆ ಏನು ಬರೆದಿದೆ, ಓದು ನೋಡುವ."

"ನಂಗೆ ಕನ್ನಡ ಓದೋಕೆ ಸರಿಯಾಗಿ ಬರಲ್ಲ ಅಂತ ನಿಮಗೆ ಗೊತ್ತು. ಆದ್ರೆ ಏನಿದೆ ಅಂತ ಗೊತ್ತು. ಈ ತಂಡ ಈ ಊರಿನದು. ಅದೇ ತಾನೇ ನಾವೂ ಹೇಳ್ತಿರೋದು?"

"ನೀವು ಹೇಳ್ತಿರೋದು ಆ ಊರಿನ ತಂಡ ಈ ಊರಿನದು ಅಂತ."

ಅವನ ಮುಖ ಕೆಂಪಾಯಿತು. "ಅಲ್ಲಿ ಅರ್ಧ ಸೀಟು ಖಾಲಿ ಇರತ್ತೆ ಮಾವ! ಅವ್ರಿಗೆ ಬೇಡವಾದದ್ದು ನಾವು ತಂದ್ರೆ ಏನು ತಪ್ಪು?" ಎಂದ. ನಮ್ಮ ತಂಡ ಹೋಗುವ ಮೊದಲು ನಮ್ಮ ಬಗ್ಗೆಯೂ ಹೀಗೇ ಮಾತಾಡಿದವರಿದ್ದರಲ್ಲ, ನೀನು ರೇಡಿಯೊಗೆ ಬೈದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದನ್ನೇ ಹೇಳಿದೆ. ಆಗ ಅವನು ಎದ್ದು ನಿಂತು ಚುಚ್ಚಿದ ನೋಡು, ಸರಿಯಾದ ಜಾಗಕ್ಕೇ. "ಅವತ್ತು ಅಮ್ಮ ಇದೇ ಮಾತು ಹೇಳಿದಾಗ ಅಮ್ಮನ ಜೊತೆ ಮಾತು ಬಿಟ್ಟಿದ್ದು ನೀವು. ನಾನಲ್ಲ. ಈಗ ನೀವೇ ಅಮ್ಮನ ಪರ ಮಾತಾಡ್ತಿದೀರಾ?"

ಏನು ಹೇಳಲಿ ಅಕ್ಕ? ಹೌದು ಎಂದೆ. "ಹೌದು ಮಾರಾಯ, ನಾನೇ. ಅವತ್ತು ನಾನು ತಪ್ಪು, ಅವಳು ಸರಿ." ನಿನಗೆ ಹೇಳಬೇಕಾದ ಮಾತನ್ನು ನಿನ್ನ ಮಗನಿಗೆ ಹೇಳಿದೆ. ಹೇಳಿದ ಮೇಲೆ ಬೆನ್ನು ನೆಟ್ಟಗಾಯಿತು.

ಅವನು ಬಾಗಿಲಲ್ಲಿ ನಿಂತು ಕೊನೆಯ ಮಾತು ಹೇಳಿದ. "ಅಮ್ಮನ ವಸ್ತು ಮಗನಿಗೆ ಸೇರತ್ತೆ ಮಾವ. ಶನಿವಾರ ಬೆಳಿಗ್ಗೆ ಬಂದು ತೊಗೊಂಡು ಹೋಗ್ತೀನಿ." ಅವನು ಹೇಳಿದ್ದು ಕಾನೂನಿನಲ್ಲಿ ಸರಿಯೇ ಇರಬಹುದು. ಆದರೆ ತಂಡವನ್ನು ಕೊಂಡುಹೋದವರದ್ದೂ ಕಾನೂನಿನಲ್ಲಿ ಸರಿಯೇ ಇತ್ತಲ್ಲ? ನನಗೆ ಎಪ್ಪತ್ತಮೂರು. ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಅಕ್ಕನ ಮಗನೊಡನೆ ಟ್ರಂಕಿಗಾಗಿ ಕಿತ್ತಾಡುವ ಶಕ್ತಿ ನನಗೆಲ್ಲಿದೆ? ಆದರೆ ಬಸ್ಸು ಹತ್ತುವ ಶಕ್ತಿ ಇದೆ.

ಮಂಗಳವಾರ ಬೆಳಿಗ್ಗೆ ಟ್ರಂಕು ತೆಗೆದೆ. ಬಾವುಟದ ಮಡಿಕೆಯಲ್ಲಿ ನೀನಿಟ್ಟ ಲವಂಗ ಇನ್ನೂ ಘಮ್ಮೆನ್ನುತ್ತಿತ್ತು. ಬಸ್ಸಿನಲ್ಲಿ ರೆಂಟನ್‌ನ ಲೈಬ್ರರಿಗೆ ಹೋದೆ. ಅಲ್ಲಿನ ಹೆಂಗಸು ನನ್ನ ಪಕ್ಕದಲ್ಲಿ ಕುಳಿತು, ಆ ದಕ್ಷಿಣದ ಊರಿನಲ್ಲಿ ತಂಡವನ್ನು ಉಳಿಸಿಕೊಳ್ಳಲು ಹೋರಾಡುವವರ ವಿಳಾಸ ಹುಡುಕಿ ಕೊಟ್ಟಳು. ಗುಂಪಿನ ಮುಂದಾಳು ಒಬ್ಬ ಬಸ್ ಓಡಿಸುವ ಹೆಂಗಸಂತೆ. ಓದಿ ನನಗೆ ನಗು ಬಂತು. ಹೊಲಿಗೆ ಅಂಗಡಿ ಎಂದಿದ್ದೆ ನೀನು, ಬಸ್ಸು ಸಿಕ್ಕಿತು. ರೇಡಿಯೊ ಎರಡರಲ್ಲೂ ಇರುತ್ತದೆ ತಾನೇ? ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಕೊಂಡು ಬಾವುಟ ಇಟ್ಟೆ. ಜೊತೆಗೆ ನನ್ನ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಇದು ನನ್ನ ಅಕ್ಕ ತನ್ನ ಸೀರೆ ಕತ್ತರಿಸಿ ಹೊಲಿದದ್ದು. ನಮ್ಮ ತಂಡವನ್ನು ನಮ್ಮಿಂದ ಉಳಿಸಿಕೊಳ್ಳಲಾಗಲಿಲ್ಲ. ಬರೆದಿರುವುದು 'ಈ ತಂಡ ಈ ಊರಿನದು' ಎಂದು. ಈಗ ಇದು ನಿಮಗೆ ಬೇಕಾದೀತು. ಇಷ್ಟೇ.

ಶನಿವಾರ ಬೆಳಿಗ್ಗೆ ಪ್ರಕಾಶ ಬಂದು ಟ್ರಂಕು ತೆಗೆದು ನೋಡಿದ. ಬರಿದು.

"ಎಲ್ಲಿ?"

"ಪೋಸ್ಟ್ ಮಾಡಿದೆ."

"ಪೋಸ್ಟ್... ಯಾರಿಗೆ?"

"ಅದು ಬೇಕಾದ ಊರಿನವರಿಗೆ."

ಯಾವ ಊರೆಂದು ತಿಳಿದ ಮೇಲೆ ಮೆಟ್ಟಿಲ ಮೇಲೆ ಕುಸಿದು ಕುಳಿತ. "ಅದು ನನ್ನ ಸೀಮಂತದ ಸೀರೆ ಅಂತ ಅಮ್ಮ ಹೇಳ್ತಿದ್ಲು" ಎಂದ, ಇಂಗ್ಲಿಷ್ ಒಂದೂ ಬೆರೆಸದೆ. ಆ ಗಳಿಗೆಯಲ್ಲಿ ಅವನು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅಕ್ಕ. "ಸೀರೆ ನಿನಗೋಸ್ಕರ ಬಂದದ್ದು ಹೌದು. ಬಾವುಟ ಹೊಲಿದದ್ದು ಮಾತ್ರ ಬೇರೆ ಕಾರಣಕ್ಕೆ" ಎಂದೆ. ಅವನು ಹೊರಟುಹೋದ. ರ್‍ಯಾಲಿ ಬೇರೆ ಯಾವುದೋ ಬಟ್ಟೆ ಕಟ್ಟಿಕೊಂಡು ನಡೆಯಿತಂತೆ. ಮೂರು ವಾರ ಫೋನಿಲ್ಲ. ಒಂದೇ ಕಾಫಿ ಮಾಡಿಕೊಂಡು ಕುಡಿಯುವಾಗ, ಅಂದು ನೀನು ಹೇಗೆ ತಾಳಿಕೊಂಡೆ ಎಂದು ಯೋಚಿಸಿದೆ. ಆದರೂ ತೆಗೆದುಕೊಂಡ ನಿರ್ಧಾರಕ್ಕೆ ಒಂದು ದಿನವೂ ಮರುಗಲಿಲ್ಲ. ಕೇಳಿಸಿಕೊಂಡೆಯಾ? ಒಂದು ದಿನವೂ.

ನಿನ್ನೆ ಮಧ್ಯಾಹ್ನ ಅಂಚೆಯಲ್ಲಿ ಆ ಬಸ್ಸಿನ ಹೆಂಗಸಿನಿಂದ ಒಂದು ಫೋಟೋ ಬಂತು. ಅವರ ಕ್ರೀಡಾಂಗಣದ ಮುಂದೆ ಕೆಂಪು ಅಂಗಿಯ ಜನ, ಸಾವಿರಾರು. ಅವರ ತಲೆಯ ಮೇಲೆ ಎರಡು ಕಂಬದ ನಡುವೆ ನಿನ್ನ ಹಸಿರು ಸೀರೆ. ಜರಿ ಅಂಚು ಬಿಸಿಲಿಗೆ ಹೊಳೆಯುತ್ತಿತ್ತು. ನನ್ನ ಕಣ್ಣಿಗೆ ಪೊರೆ, ಅಷ್ಟೇ ಕಂಡಿತು, ಅಷ್ಟಕ್ಕೇ ಅತ್ತುಬಿಟ್ಟೆ. ಅವರ ಕಡೆ ಇನ್ನೂ ಏನೂ ತೀರ್ಮಾನವಾಗಿಲ್ಲ. ತಂಡ ಉಳಿದೀತೋ ಹೋದೀತೋ ಗೊತ್ತಿಲ್ಲ. ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಪ್ರಕಾಶನಿಗೆ ಕಳಿಸಿದೆ. ಬೈದರೆ ಬೈಯಲಿ, ತಾಯಿಯ ಸೀರೆ, ನೋಡುವ ಹಕ್ಕು ಅವನಿಗಿದೆ.

ಹತ್ತು ನಿಮಿಷಕ್ಕೆ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ. "ಮಾವ, ಅವ್ರು ಉಲ್ಟಾ ಕಟ್ಟಿದಾರೆ!"

"ಎಂತದು?"

"ಬ್ಯಾನರ್! ತಲೆಕೆಳಗೆ ಕಟ್ಟಿದಾರೆ. ಅಕ್ಷರ ಎಲ್ಲ ಉಲ್ಟಾ. ನಿಮಗೆ ಕಾಣಲಿಲ್ವಾ?"

ಕನ್ನಡಕ ಹಾಕಿ ನೋಡಿದೆ. ಹೌದು ಅಕ್ಕ, ತಲೆಕೆಳಗೆ! ಪಾಪ, ಅವರಿಗೇನು ಗೊತ್ತು? ಕನ್ನಡ ಓದಲು ಬಾರದೆಂದು ಹೇಳುವ ನಿನ್ನ ಮಗನಿಗೆ ಅದು ಗೊತ್ತಾಯಿತು. ನಾನು ನಕ್ಕೆ. ಆ ಕಡೆ ಅವನು ನಗಲಿಲ್ಲ, ಆದರೆ ಫೋನನ್ನೂ ಇಡಲಿಲ್ಲ. "ಆ ಲೇಡಿ ನಂಬರ್ ಕೊಡಿ. ನಾನೇ ಮಾತಾಡಿ ಸರಿಮಾಡಿಸ್ತೀನಿ. ಹಾಗಂತ ನಾನು ಅವ್ರ ಕಡೆ ಅಂತ ಅಂದ್ಕೋಬೇಡಿ" ಎಂದ. "ಇಲ್ಲಪ್ಪ" ಎಂದೆ. ಇಂದು ಬೆಳಿಗ್ಗೆ ಅವನಿಂದಲೇ ಇನ್ನೊಂದು ಫೋಟೋ ಬಂದಿದೆ. ನೀನು ಹೊಲಿದ ಅಕ್ಷರಗಳೆಲ್ಲ ನೆಟ್ಟಗೆ ನಿಂತಿವೆ.

ಮೊದಲ ಸಲ ನಾವು ಎದುರು ಪಕ್ಷಕ್ಕೆ ತಿಳಿಯದೆ ಕೂಗಿದ್ದೆವು. ಎರಡನೇ ಸಲ ನೀನೊಬ್ಬಳೇ ಕೂಗಿದೆ, ನಾನು ಬೂಟು ನೋಡಿಕೊಂಡೆ. ಈ ಸಲ ನಾನು ಎದ್ದು ನಿಂತೆ ಅಕ್ಕ, ತಿಳಿದೇ ಕೂಗಿದೆ.

ಇನ್ನೊಂದು ಮಾತು. ಸೆರಗನ್ನು ನಾನು ಕಳಿಸಿಲ್ಲ. ಟ್ರಂಕಿನಲ್ಲಿಲ್ಲದ್ದರಿಂದ ಪ್ರಕಾಶನ ಕಣ್ಣಿಗೂ ಬೀಳಲಿಲ್ಲ, ನನ್ನ ದಿಂಬಿನ ಚೀಲದೊಳಗಿದೆ. ಯಾವ ಊರನ್ನೂ ಬರಿದು ಮಾಡದೆ ನಮಗೆ ನಮ್ಮದೇ ತಂಡ ಹುಟ್ಟಿ ಬರುವ ದಿನ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಅಷ್ಟರವರೆಗೆ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ಮೆಟ್ಟಿಲು ಹತ್ತಿಸಲು ನಿನ್ನ ಮಗ ಬರಬೇಕಾಗುತ್ತದೆ. ಬರುತ್ತಾನೆ. ನಮ್ಮವರು ಯಾವ ಬಣ್ಣ ಎಂದು ಹೇಳಲಾದರೂ ಯಾರಾದರೂ ಬೇಕಲ್ಲ?

ನಿನ್ನ ತಮ್ಮ,
ಸದು